ತೊಟ್ಟಿಲ ಹಗ್ಗ ಹಿಡಿಯುವವರಾರು?

ತಿಂಗಳ ಮೊದಲ ವಾರದಲ್ಲಿ ಪಗಾರ ಬರುತ್ತದೆ. ಎರಡನೆಯ ವಾರದಲ್ಲಿ ಅದು ಎಲ್ಲಿ ಹೋಯಿತೆಂಬ ವಿಚಾರಣೆ ನಡೆಯುತ್ತದೆ. ಮಧ್ಯಮ ವರ್ಗದ ಸಂಸಾರಗಳಿಗೆಲ್ಲ ಈ ವಿಚಾರಣೆ ಹೊಸದಲ್ಲ. ಆದರೆ ಮನೆಯಲ್ಲಿ ಎರಡು ಮಕ್ಕಳಿದ್ದು, ಹಿರಿಯದು ಶಾಲೆಗೆ ಹೋಗುವ ವಯಸ್ಸಿನದಾಗಿ, ಕಿರಿಯದು ಇನ್ನೂ ತೊಟ್ಟಿಲಲ್ಲಿದ್ದರೆ ಅದರ ಬಿಸಿ ಹೆಚ್ಚು. ಒಂದು ಕಡೆ ಶುಲ್ಕ, ಶಾಲೆಯ ಗಾಡಿಯ ಬಾಡಿಗೆ, ವಹಿ-ಪುಸ್ತಕ; ಇನ್ನೊಂದು ಕಡೆ ಹಾಲು, ಔಷಧ, ಡಾಕ್ಟರರ ಫೀ. ಕೊನೆಗೊಂದು ದಿನ ಊಟಕ್ಕೆ ಬಡಿಸುತ್ತ ಗೃಹಿಣಿಯೇ ಮಾತು ತೆಗೆಯುತ್ತಾಳೆ: “ಅಲ್ರೀ, ನಾನೂ ಮನ್ಯಾಗ ಕುಂತು ಏನರೆ ಮಾಡಿದ್ರ ಹ್ಯಾಂಗ?”

ಬೈಲಹೊಂಗಲದಲ್ಲಿಯೂ ಈ ಮಾತು ಏಳುತ್ತದೆ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿಯೂ ಏಳುತ್ತದೆ. ಒಂದು ಕಾಲಕ್ಕೆ ತಾಲೂಕಿಗೇ ತನ್ನ ಹೆಸರು ಕೊಟ್ಟಿದ್ದ ಸಂಪಗಾಂವದ ಈ ಸೀಮೆ ಎರೆಭೂಮಿಯದು. ಹತ್ತಿ, ಜೋಳ, ಈಚೆಗೆ ಕಬ್ಬು ಇಲ್ಲಿಯ ಬೆಳೆ. ದೊಡ್ಡ ಉದ್ಯಮಗಳು ಕಡಿಮೆ. ಕಚೇರಿಯ ಕೆಲಸ ಬೇಕೆಂದರೆ ಬೆಳಗಾವಿಗೋ ಧಾರವಾಡಕ್ಕೋ ದಿನವೂ ಬಸ್ಸಿನ ಪಯಣ ಬೆಳೆಸಬೇಕು. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೇಟಿನ ಖರ್ಚು ತಪ್ಪಿತೆಂಬುದು ದಿಟ. ಆದರೆ ಹೋಗಿಬರುವ ಹೊತ್ತಿನಲ್ಲಿ ಕೂಸನ್ನು ನೋಡಿಕೊಳ್ಳುವವರು ಯಾರೆಂಬುದಕ್ಕೆ ಬಸ್ಸು ಉತ್ತರ ಹೇಳಲಾರದು. ಆದ್ದರಿಂದ ಹೆಚ್ಚಿನವರ ವಿಚಾರ ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳತ್ತ ಹೊರಳುತ್ತದೆ.

ಮೊದಲು ನೆನಪಾಗುವುದು ಮನೆಪಾಠ. ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿ ನೆರೆಹೊರೆಯ ಹತ್ತು ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಟ್ಟರೆ ಒಳ್ಳೆಯ ವರಮಾನವೇ ಸರಿ. ಓದಿದ ಗೃಹಿಣಿಗೆ ಇದಕ್ಕೆ ತಡೆಯಿಲ್ಲ. ಶಾಲೆಯ ಮಾಸ್ತರರಿಗೆ ಮಾತ್ರ ಉಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳಕೂಡದೆಂದು ನಿಷೇಧಿಸಿದೆ. ಗಂಡ ಮಾಸ್ತರನಾಗಿದ್ದರೆ ಮನೆಪಾಠದ ಹೊಣೆ ಹೆಂಡತಿಯ ಹೆಸರಿಗೆ ಬರುವುದು ಇದರಿಂದಲೇ ಇರಬೇಕು! ಜೀವವಿಮೆಯ ಏಜೆನ್ಸಿಯದೂ ಇಂಥದೇ ಕಥೆ. ಸರಕಾರಿ ನೌಕರನ ಹೆಂಡತಿ ಏಜೆಂಟಳಾಗಬಹುದು. ಆದರೆ ಆಕೆಗಾಗಿ ಆತ ಕಚೇರಿಯಲ್ಲಿ ಗಿರಾಕಿಗಳನ್ನು ಹುಡುಕಿದರೆ ಅದು ನಡತೆಯ ನಿಯಮಗಳಿಗೆ ವಿರುದ್ಧ.

ಪಿಗ್ಮಿ ಸಂಗ್ರಹ ಇನ್ನೊಂದು ದಾರಿ. ನೇಕಾರರಿಗೆ ಹಣದ ನೆರವು ಕೊಡಬೇಕೆಂಬ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಈ ಪದ್ಧತಿಯನ್ನು ತಂದಿತು. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಠೇವಣಿಯಾಗಿ ಸಂಗ್ರಹಿಸುವುದು ಅದರ ರೀತಿ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಉತ್ತರ ಕರ್ನಾಟಕದ ಪತ್ತಿನ ಸಂಘಗಳಲ್ಲಿ ಇಂದಿಗೂ ಬದುಕಿದೆ. ಸಂಗ್ರಹಿಸಿದ ಮೊತ್ತಕ್ಕೆ ಇಂತಿಷ್ಟೆಂದು ಕಮಿಶನ್ ಸಿಗುತ್ತದೆ. ಆದರೆ ಅಂಗಡಿಯಿಂದ ಅಂಗಡಿಗೆ ಅಲೆಯುವಾಗ ಬಗಲಲ್ಲಿ ಕೂಸನ್ನು ಎತ್ತಿಕೊಳ್ಳುವಂತಿಲ್ಲ. ಮೇಲಾಗಿ ವಸೂಲಿಯ ಹೊತ್ತೂ ಕೂಸಿನ ಊಟ-ನಿದ್ದೆಯ ಹೊತ್ತೂ ಒಂದೇ.

ಉಳಿದದ್ದು ರೊಟ್ಟಿ. ಈ ಭಾಗದ ಹೆಂಗಸರಿಗೆ ಬೇರೆ ಯಾರೂ ಕಲಿಸಬೇಕಿಲ್ಲದ ವಿದ್ಯೆ ಅದು. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದ ಖಡಕ್ ರೊಟ್ಟಿ ಕೆಡದೆ ಬಹಳ ದಿನ ಉಳಿಯುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳ ಜೊತೆ ಬೆಂಗಳೂರು, ಪುಣೆಗಳಿಗೂ ಪ್ರವಾಸ ಹೋಗುತ್ತದೆ. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಗಾಡಿ ಕಟ್ಟುವವರು ಬುತ್ತಿಗೆಂದು ಮನೆಯಲ್ಲಿಯೇ ಬಡಿದು ಒಯ್ಯುತ್ತಿದ್ದ ರೊಟ್ಟಿ ಈಗ ಮಾರಾಟದ ಸರಕಾಗಿದೆ.

ಇದರ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು. ಕೆಳಗಿನ ಅಂಕೆಗಳು ದಾರಿ ತೋರಿಸುವುದಕ್ಕೆ ಮಾತ್ರ. ಊರಿನಿಂದ ಊರಿಗೆ, ಸುಗ್ಗಿಯಿಂದ ಸುಗ್ಗಿಗೆ ಅವು ಬದಲಾಗುತ್ತವೆ. ದಿನಕ್ಕೆ 60 ರೊಟ್ಟಿ, ಒಂದಕ್ಕೆ 8 ರೂಪಾಯಿಯೆಂದು ಹಿಡಿದರೆ 480 ರೂಪಾಯಿ ಆಯಿತು. ಅದರಲ್ಲಿ ಜೋಳ, ಬೀಸುವ ಕೂಲಿ, ಗ್ಯಾಸು, ಕಟ್ಟುವ ಚೀಲ ಇವಕ್ಕೆ 280 ರೂಪಾಯಿ ಕಳೆದರೆ ಕೈಗೆ ಉಳಿಯುವುದು 200. ಹಿಟ್ಟು ನಾದುವುದರಿಂದ ಹಿಡಿದು ಒಲೆ ಒರೆಸುವವರೆಗೆ ಐದು ತಾಸು ಬೇಕೆನ್ನೋಣ. ತಿಂಗಳಿಗೆ 26 ದಿನ ದುಡಿದರೆ 5,200 ರೂಪಾಯಿ. ಹಿರಿಯ ಮಗುವಿನ ಶುಲ್ಕಕ್ಕೂ ಶಾಲೆಯ ಗಾಡಿಗೂ ಇದು ದೊಡ್ಡ ಆಸರೆಯೇ.

ಆದರೆ ಲೆಕ್ಕ ಇನ್ನೂ ಮುಗಿದಿಲ್ಲ. ಕಾದ ಹಂಚಿನ ಮುಂದೆ ಐದು ತಾಸು ಕೂತವಳು ತೆವಳುವ ಕೂಸನ್ನು ಎಲ್ಲಿ ಬಿಡಬೇಕು? ಮನೆಯಲ್ಲಿ ಅತ್ತೆಯಿದ್ದರೆ ಭಾಗ್ಯ. ಅತ್ತೆಯ ಮೊಣಕಾಲು ನೆಟ್ಟಗಿದ್ದರೆ ಇನ್ನೂ ದೊಡ್ಡ ಭಾಗ್ಯ. ಇಲ್ಲವಾದರೆ ಕೂಸನ್ನು ಆಡಿಸುವವಳೊಬ್ಬಳನ್ನು ಗೊತ್ತುಮಾಡಬೇಕು. ಆಕೆಗೆ ಕೊಡುವುದೆಷ್ಟು? ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ. ಮಣ್ಣು ಹೊರುವ ಕೆಲಸಕ್ಕೆ ಸರಕಾರ ಕಟ್ಟಿದ ಬೆಲೆಯದು. ಆ ದರದಲ್ಲಿ ಎಂಟು ತಾಸಿನ ಬದಲು ಐದು ತಾಸಿಗೆ ಪಾಲು ಹಾಕಿದರೂ ತಿಂಗಳಿಗೆ ಆರು ಸಾವಿರ ದಾಟುತ್ತದೆ. ರೊಟ್ಟಿ ಬಡಿದು ಗಳಿಸಿದ್ದು 5,200! ಅಂದರೆ ಒಬ್ಬ ತಾಯಿ ಮನೆಯಲ್ಲಿ ಕೂತು ದುಡಿದ ಹಣದಿಂದ, ತನ್ನ ಕೂಸನ್ನು ನೋಡಿಕೊಳ್ಳುವ ಇನ್ನೊಬ್ಬಳಿಗೆ ಮಣ್ಣು ಹೊರುವವಳ ಕೂಲಿಯನ್ನೂ ಕೊಡಲಾರಳು. ಹೀಗಾಗಿ ಒಂದೋ ಕೂಸು ಆಡಿಸುವವಳಿಗೆ ಕಡಿಮೆ ಕೊಡಬೇಕು, ಇಲ್ಲವೇ ಅಜ್ಜಿಯ ದುಡಿಮೆಯನ್ನು ಪುಕ್ಕಟೆಯೆಂದು ಎಣಿಸಬೇಕು, ಅದೂ ಇಲ್ಲವಾದರೆ ಹಿರಿಯ ಮಗಳನ್ನು ಶಾಲೆ ಬಿಡಿಸಿ ತೊಟ್ಟಿಲ ಬಳಿ ಕೂರಿಸಬೇಕು. ಮೂರನೆಯದು ಬಡವರ ಮನೆಗಳಲ್ಲಿ ಎಷ್ಟು ರೂಢಿಯಾಗಿತ್ತೆಂದರೆ, ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರುವಂತಾಗಲು ಶಿಶುಪಾಲನಾ ಕೇಂದ್ರಗಳು ಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಬೇಕಾಯಿತು.

ಮನೆಗೆಲಸದ ನಡುವೆ ಮಾಡುವ ದುಡಿಮೆ ಅಗ್ಗವಾಗಿರುವುದೇಕೆ? ರಾಮದುರ್ಗದ ಕಡೆಯ ಮಗ್ಗದ ಮನೆಗಳನ್ನು ಹೊಕ್ಕು ನೋಡಿದರೆ ಕಾರಣ ಕಾಣುತ್ತದೆ. ರಾಮದುರ್ಗ, ಸುರೇಬಾನ, ಮನಿಹಾಳಗಳು ಕೈಮಗ್ಗದ ಊರುಗಳು. ಮಗ್ಗದಲ್ಲಿ ಒಬ್ಬರು ನೇಯಬೇಕಾದರೆ ಬದಿಯಲ್ಲಿ ಇನ್ನೊಬ್ಬರು ರಾಟಿ ತಿರುಗಿಸಿ ಕಂಡಿಕೆ ಸುತ್ತಬೇಕು. ಕಂಡಿಕೆ ತೀರಿದರೆ ಲಾಳಿ ನಿಲ್ಲುತ್ತದೆ. ಕಂಡಿಕೆ ಸುತ್ತುವುದು ಬಹುಮಟ್ಟಿಗೆ ಮನೆಯ ಹೆಂಗಸರ, ಮುದುಕರ ಪಾಲು. ಕೂಸು ಅತ್ತಾಗ ರಾಟಿ ನಿಲ್ಲಿಸಿ ಏಳಬಹುದು, ತೊಟ್ಟಿಲ ಹಗ್ಗವನ್ನು ಒಂದು ಕೈಯಲ್ಲಿ ಎಳೆಯುತ್ತ ಇನ್ನೊಂದು ಕೈಯಲ್ಲಿ ರಾಟಿ ತಿರುಗಿಸಬಹುದು. ಈ ಅನುಕೂಲವೇ ಅದರ ಬೆಲೆಯನ್ನು ತಿಂದುಹಾಕಿತು. ಕೂಲಿ ಸಿಗುವುದು ನೇಯ್ದ ಸೀರೆಗೆ. ಕಂಡಿಕೆ ಸುತ್ತಿದವಳ ಹೊತ್ತು ಅದರೊಳಗೇ ಕರಗಿಹೋಗುತ್ತದೆ, ಯಾವ ವಹಿಯಲ್ಲಿಯೂ ಬೇರೆಯಾಗಿ ಕಾಣದು. ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ, 2019-20ರದು, ದೇಶದ 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹೆಂಗಸರೆಂದು ಲೆಕ್ಕ ಕೊಟ್ಟಿತು. ಅದೇ ಗಣತಿಯ ಪ್ರಕಾರ ನೇಕಾರ ಮನೆತನಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವುಗಳ ತಿಂಗಳ ವರಮಾನ ಐದು ಸಾವಿರ ರೂಪಾಯಿಗಿಂತ ಕಡಿಮೆ.

ಬಿಡುವಿನ ಕೆಲಸಕ್ಕೆ ಪೂರ್ಣ ಕೂಲಿಯೇಕೆ ಎಂಬ ವಾದ ಹಳೆಯದು. 1925ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚರಕಾ ಸಂಘವು ಹಳ್ಳಿಯ ಹೆಂಗಸರಿಂದ ನೂಲು ಕೊಂಡು ಅವರಿಗೆ ಅಲ್ಪ ಕೂಲಿ ಕೊಡುತ್ತಿತ್ತು. ಅದು ಬಿಡುವಿನ ಹೊತ್ತಿನ ಗಳಿಕೆ ಎಂಬುದೇ ಸಮಾಧಾನ. 1935ರಲ್ಲಿ ಈ ಸಮಾಧಾನವನ್ನು ಒಡೆದವರು ಮಹಾತ್ಮಾ ಗಾಂಧಿಯವರೇ. ಎಂಟು ತಾಸು ಚೊಕ್ಕಟವಾಗಿ ದುಡಿದವರಿಗೆ, ಹೆಣ್ಣಾಗಲಿ ಗಂಡಾಗಲಿ, ಎಂಟಾಣೆ ಸಿಗಬೇಕೆಂಬುದು ಅವರು ಮುಂದಿಟ್ಟ ಗುರಿ. ಅಷ್ಟನ್ನು ಒಮ್ಮೆಲೇ ಕೊಡಲಾಗದಿದ್ದರೂ ಸಂಘವು ಕೂಲಿಯನ್ನು ಏರಿಸಬೇಕಾಯಿತು. ಖಾದಿಯ ಬೆಲೆ ಏರಿತು, ಕೊಳ್ಳುವವರು ಗೊಣಗಿದರು. ಎರಡು ವರ್ಷಗಳ ತರುವಾಯ, 1937ರ ಏಪ್ರಿಲಿನಲ್ಲಿ, ಗಾಂಧಿ ಸೇವಾ ಸಂಘದ ಸಮ್ಮೇಲನಕ್ಕೆ ಅವರು ಬಂದುದು ಇದೇ ಬೆಳಗಾವಿ ಜಿಲ್ಲೆಯ ಹುದಲಿಗೆ, ಗಂಗಾಧರರಾವ ದೇಶಪಾಂಡೆಯವರ ಊರಿಗೆ.

ಮನೆಯಲ್ಲಿ ಕೂತು ದುಡಿದವರು ಮೇಲೆ ಬಂದ ಉದಾಹರಣೆಗಳಿಲ್ಲವೆಂದಲ್ಲ. 1959ರ ಮಾರ್ಚಿನಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಪಡೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲಾರಂಭಿಸಿದರು. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಮುಂಜಾನೆ ಕೇಂದ್ರಕ್ಕೆ ಹೋಗಿ ನಾದಿದ ಹಿಟ್ಟು ತರುವುದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ ಮರುದಿನ ಒಪ್ಪಿಸಿ ಹಣ ಪಡೆಯುವುದು ಅದರ ಪದ್ಧತಿ. ಕೂಸಿನ ನಿದ್ದೆಗೆ ಹೊಂದುವಂತೆ ಕೆಲಸವನ್ನು ಹಿಂದೆಮುಂದೆ ಮಾಡಬಹುದು. ಆದರೆ ಅದನ್ನು ಎತ್ತಿದ್ದು ಹಪ್ಪಳವೊಂದೇ ಅಲ್ಲ. ಲಟ್ಟಿಸುವವರೇ ಒಡೆಯರು, ಲಾಭ ಅವರದೇ. ಒಬ್ಬೊಬ್ಬರೇ ಅಂಗಡಿಕಾರನ ಮುಂದೆ ದರಕ್ಕಾಗಿ ನಿಂತಿದ್ದರೆ ಏಳು ಜನರ ಹೆಸರು ಇಂದಿಗೆ ಉಳಿಯುತ್ತಿತ್ತೇ ಎಂಬುದು ಸಂಶಯ. ರೊಟ್ಟಿ ಬಡಿಯುವ ನಮ್ಮ ಕಡೆಯ ಸ್ವಸಹಾಯ ಗುಂಪುಗಳಿಗೆ ಇದು ತಿಳಿಯದ ವಿಷಯವಲ್ಲ.

ಕೂಸು ನೋಡುವುದೂ ಕೂಲಿಗೆ ಯೋಗ್ಯವಾದ ಕೆಲಸವೆಂದು ಸರಕಾರಗಳು ಒಪ್ಪಿದುದು ತಡವಾಗಿ, ಅದೂ ಅರೆಮನಸ್ಸಿನಿಂದ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ಆರಂಭವಾಯಿತು. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿ ಕೂತು ಆಡಿ ಕಲಿಯುತ್ತಾರೆ. ಮೂರರ ಒಳಗಿನವರಿಗೆ ಪೌಷ್ಟಿಕ ಆಹಾರ ಮನೆಗೆ ಹೋಗುತ್ತದೆ, ಕೂಸು ಮಾತ್ರ ತಾಯಿಯ ಬಗಲಲ್ಲಿಯೇ ಉಳಿಯುತ್ತದೆ. ಅಂಗನವಾಡಿ ನಡೆಸುವವಳಿಗೆ ಸಲ್ಲುವುದಕ್ಕೆ ಸಂಬಳವೆಂದು ಹೆಸರಿಲ್ಲ, ‘ಗೌರವಧನ’. ಗೌರವಕ್ಕೆ ಗ್ರಾಚ್ಯುಟಿಯೂ ಸೇರಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ.

ಇದಕ್ಕಿಂತ ಸ್ಪಷ್ಟವಾಗಿ ಮಾತಾಡಿದ್ದು 2005ರ ಉದ್ಯೋಗ ಖಾತರಿ ಕಾಯಿದೆ. ಕೆಲಸದ ಜಾಗಕ್ಕೆ ತಾಯಂದಿರೊಡನೆ ಐದು ಅಥವಾ ಹೆಚ್ಚು ಚಿಕ್ಕಮಕ್ಕಳು ಬಂದಿದ್ದರೆ, ಆ ಹೆಂಗಸರಲ್ಲಿಯೇ ಒಬ್ಬಳನ್ನು ಮಕ್ಕಳ ಬಳಿ ಕೂರಿಸಿ, ಆಕೆಗೂ ದಿನಗೂಲಿ ಕೊಡತಕ್ಕದ್ದೆಂದು ಅದು ವಿಧಿಸಿತ್ತು. ಗುದ್ದಲಿ ಹಿಡಿದವಳಿಗೂ ಗಿಲಿಕೆ ಹಿಡಿದವಳಿಗೂ ಒಂದೇ ಕೂಲಿ! ಇದೇ ಎಳೆಯನ್ನು ಹಿಡಿದು 2023-24ರಲ್ಲಿ ಕರ್ನಾಟಕ ಸರಕಾರವು ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಕಾರ್ಯವನ್ನು ಕೈಗೊಂಡಿತು. ಊರಿನ ಕೂಲಿಕಾರ ಹೆಂಗಸರನ್ನೇ ಆರಿಸಿ, ತರಬೇತಿ ಕೊಟ್ಟು, ಸರದಿಯ ಮೇಲೆ ಮಕ್ಕಳ ಆರೈಕೆಗೆ ನೇಮಿಸುವ ಏರ್ಪಾಡು ಅದು. 2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಕಾಯಿದೆಯ ಸ್ಥಾನದಲ್ಲಿ ಬೇರೊಂದು ಕಾಯಿದೆಯನ್ನು ಅಂಗೀಕರಿಸಿತು. ಹಳೆಯ ಕಾಯಿದೆ ಒಪ್ಪಿಕೊಂಡಿದ್ದ ಈ ಒಂದು ನ್ಯಾಯವನ್ನು ಮರೆಯಬಾರದು.

ಪೇಟೆಯ ಮಧ್ಯಮ ವರ್ಗಕ್ಕೆ ಇವು ಯಾವುವೂ ನೇರವಾಗಿ ಸಿಗುವಂಥವಲ್ಲ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯೂ ಆದಾಯ ತೆರಿಗೆ ಕೊಡುವವರ ಮನೆಗೆ ಬಾರದು. ಅವರ ಪಾಲಿಗೆ ಉಳಿದ ಸಂಪನ್ಮೂಲವೆಂದರೆ ಮನೆಯ ಯಜಮಾನರ ಎರಡು ಕೈಗಳು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುವುದು ಸರಾಸರಿ 289 ನಿಮಿಷ; ಗಂಡಸರು 88 ನಿಮಿಷ. ಗಂಡಸರ ಲೆಕ್ಕದಲ್ಲಿ ಮನೆಗೆಲಸವನ್ನು ಮುಟ್ಟದವರು ಸೇರಿಲ್ಲ ಎಂಬುದನ್ನೂ ಗಮನಿಸಬೇಕು. ಸಂಜೆಯ ಎರಡು ತಾಸು ಕೂಸು ಅಪ್ಪನ ಮಡಿಲಲ್ಲಿದ್ದರೆ ರೊಟ್ಟಿಯ ಲೆಕ್ಕ ತಾನಾಗಿಯೇ ಸುಧಾರಿಸುತ್ತದೆ. ಇದಕ್ಕೆ ಬಂಡವಾಳ ಬೇಡ.

ಹಗಲಿನ ಹೊತ್ತಿಗೆ ಮಾತ್ರ ಕೂಡಿ ಮಾಡುವ ಉಪಾಯವೇ ಬೇಕು. ಒಂದೇ ಓಣಿಯ ನಾಲ್ಕು ಮನೆಗಳಲ್ಲಿ ನಾಲ್ಕು ಕೂಸುಗಳಿದ್ದರೆ, ಒಬ್ಬ ನಂಬಿಗಸ್ತ ಹೆಂಗಸಿಗೆ ದಿನಕ್ಕೆ 370 ರೂಪಾಯಿಯಂತೆ 26 ದಿನಕ್ಕೆ 9,620 ರೂಪಾಯಿ ಕೊಡಬಹುದು. ಆಕೆಗೆ ಸರಕಾರದ ದರದ ಪೂರ್ಣ ಕೂಲಿ. ಮನೆಯೊಂದಕ್ಕೆ ಬೀಳುವುದು 2,405. ರೊಟ್ಟಿ ಬಡಿಯುವವಳ 5,200ರಲ್ಲಿ ಇದನ್ನು ಕಳೆದರೆ 2,795 ಉಳಿಯುತ್ತದೆ; ಐದು ತಾಸಿನ ಮೇಲೆ ಮೂರು ತಾಸು ಬಿಡುವೂ ಸಿಗುತ್ತದೆ. ಆ ಹೆಂಗಸಿಗೂ ಒಂದು ಕೂಸಿದ್ದರೆ ಅದನ್ನೂ ಅಲ್ಲಿಯೇ ಸೇರಿಸಿಕೊಳ್ಳಬೇಕು. ತೊಟ್ಟಿಲುಗಳನ್ನು ಯಾರ ಮನೆಯ ಪಡಸಾಲೆಯಲ್ಲಿ ಕಟ್ಟುವುದು, ಹಾಲು ಯಾರ ಮನೆಯಲ್ಲಿ ಕಾಯಿಸುವುದು, ಒಂದು ಕೂಸಿಗೆ ಜ್ವರ ಬಂದ ದಿನ ಉಳಿದವರೇನು ಮಾಡುವುದು ಎಂಬುದನ್ನು ಆ ನಾಲ್ಕು ಮನೆಯವರೇ, ಗಂಡಸರನ್ನೂ ಕೂಡಿಸಿಕೊಂಡು, ಒಂದು ಸಂಜೆ ಕೂತು ಗೊತ್ತುಮಾಡಿಕೊಳ್ಳಬೇಕು.