ಪುಸ್ತಕ ಸುಡುವುದು ಯಾವಾಗಲೂ ತಪ್ಪೇ?

ಪ್ರಶ್ನೆ: ಪುಸ್ತಕ ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವವರು ನಾವು. ಆದರೆ ಅಂಬೇಡ್ಕರ್ ಅವರೇ ಮನುಸ್ಮೃತಿಯನ್ನು ಸುಟ್ಟರಲ್ಲ, ಅದು ಸರಿಯೇ?

ಉತ್ತರ: ಸರಿ ಎಂದೇ ನನ್ನ ನಂಬಿಕೆ. 1927ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದಕ್ಕೆ ದಲಿತರು ಪೆಟ್ಟು ತಿಂದಿದ್ದರು. ಅದೇ ಊರಿನಲ್ಲಿ ಡಿಸೆಂಬರ್ 25ರಂದು, ಜಾತಿಭೇದಕ್ಕೆ ಆಧಾರವಾಗಿದ್ದ ಮನುಸ್ಮೃತಿಗೆ ಬೆಂಕಿಯಿಟ್ಟರು. ಅದನ್ನು ಸುಡುವ ಠರಾವು ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ. ಅವರು ಬ್ರಾಹ್ಮಣರು ಎಂಬುದನ್ನೂ ಮರೆಯಬಾರದು. ಅಂದು ಯಾರ ಕಪಾಟಿನಿಂದಲೂ ಪುಸ್ತಕ ಕಿತ್ತು ತರಲಿಲ್ಲ, ಯಾರಿಗೂ ಓದಬೇಡಿ ಎನ್ನಲಿಲ್ಲ. ಸುಟ್ಟದ್ದು ಆ ಗ್ರಂಥಕ್ಕಿದ್ದ ಅಧಿಕಾರವನ್ನು. ಮುಂದೆ ಅಂಬೇಡ್ಕರ್ ಅದರ ಶ್ಲೋಕಗಳನ್ನೇ ಉದ್ಧರಿಸಿ ವಾದ ಹೂಡಿದರು. ತಮ್ಮ ಪುಸ್ತಕಗಳಿಗೆಂದೇ ಮುಂಬಯಿಯ ದಾದರಿನಲ್ಲಿ ‘ರಾಜಗೃಹ’ ಎಂಬ ಮನೆ ಕಟ್ಟಿಸಿಕೊಂಡ ಮನುಷ್ಯ ಅವರು!

1933ರ ಮೇ 10ರಂದು ಬರ್ಲಿನ್‌ನಲ್ಲಿ ನಡೆದ ಪುಸ್ತಕ ದಹನವೇ ಬೇರೆ. ಅಲ್ಲಿ ಆಳುತ್ತಿದ್ದ ನಾಜಿಗಳ ಬೆಂಬಲದಿಂದ ಗ್ರಂಥಾಲಯಗಳನ್ನು ಬರಿದು ಮಾಡಿ, ಬರೆದವರನ್ನೇ ದೇಶ ಬಿಡಿಸಿದರು. 1981ರಲ್ಲಿ ಶ್ರೀಲಂಕಾದ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟಾಗ ಸುಮಾರು 97,000 ಪುಸ್ತಕಗಳೊಂದಿಗೆ ತಾಳೆಗರಿಗಳೂ ಬೂದಿಯಾದವು. ಅಚ್ಚಾದ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಕೈಬರಹದ ಒಂದೇ ಓಲೆ ಹೋದರೆ ಹೋಯಿತು. ನನಗೆ ಇದು ಕ್ಷಮಿಸಲಾಗದ ಕೃತ್ಯ.

ಹಾಗಾಗಿ ನಾನು ನೋಡುವುದು ಎರಡನ್ನು: ಸುಡುವವರ ಕೈಯಲ್ಲಿ ಅಧಿಕಾರವಿದೆಯೇ? ಓದಬೇಕೆನ್ನುವವರಿಗೆ ನಾಳೆಯೂ ಆ ಪುಸ್ತಕ ಸಿಗುತ್ತದೆಯೇ?

ಇನ್ನು ನಿಮ್ಮ ಮನೆಯಲ್ಲಿ ಗೆದ್ದಲು ಹಿಡಿದ ಹಳೆಯ ಗೈಡುಗಳನ್ನು ಸಂಕೋಚವಿಲ್ಲದೆ ವಿಲೇವಾರಿ ಮಾಡಿ. ಅಜ್ಜನ ಕಾಲದ ಓಲೆಗರಿ, ಕೈಬರಹದ ಕಡತವಿದ್ದರೆ ಮಾತ್ರ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಮೊದಲು ತೋರಿಸಿ.