ಸ್ವಂತ ಮಾತಲ್ಲಿ ಬರೀರಿ ಅಂದ್ರೆ ಏನು? ಅಮೆರಿಕದ ಒಂದು ಬರವಣಿಗೆ ಕೋರ್ಸ್‌ನ ಪಾಠ

ಇಂಗ್ಲಿಷ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂದಿದ್ರೆ ಬರವಣಿಗೆಯೂ ಬರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ, ಅಲ್ವಾ? ಹಾಸನದಲ್ಲಿ ಪಿಯುಸಿ ಓದಿ, ಮದುವೆಯಾಗಿ ಕ್ಯಾಲಿಫೋರ್ನಿಯಾಗೆ ಹೋಗಿ, ಅಲ್ಲಿ ಪದವಿಗೆ ಸೇರಿದಾಗ ನನಗೂ ಅದೇ ನಂಬಿಕೆ ಇತ್ತು.

ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಅನ್ನೋದು ಹಲವು ಕ್ಯಾಂಪಸ್‌ಗಳಿರುವ ದೊಡ್ಡ ಸರ್ಕಾರಿ ವ್ಯವಸ್ಥೆ. ಅಲ್ಲಿ 1970ರ ದಶಕದಿಂದ ಒಂದು ನಿಯಮ ಇದೆ. ನೀವು ಇಂಜಿನಿಯರಿಂಗ್ ಓದಿ, ನರ್ಸಿಂಗ್ ಓದಿ, ಪದವಿ ಕೈಗೆ ಸಿಗಬೇಕಾದರೆ ಬರವಣಿಗೆಯಲ್ಲಿ ಪ್ರೌಢಿಮೆ ತೋರಿಸಲೇಬೇಕು. ಹೇಗೆ ತೋರಿಸಬೇಕು ಅನ್ನೋದು ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಬೇರೆ. ನನ್ನ ಪಾಲಿಗೆ ಬಂದಿದ್ದು ಒಂದು ಸೆಮಿಸ್ಟರ್‌ನ ಕೋರ್ಸ್. ಫೇಲಾದರೆ ಪದವಿ ಅಲ್ಲೇ ನಿಂತಹಾಗೆ.

ಅದು 'ವೆಬ್-ಎನ್‌ಹ್ಯಾನ್ಸ್‌ಡ್' ಕೋರ್ಸ್. ಆನ್‌ಲೈನ್ ಕೋರ್ಸ್ ಅಂದ್ಕೊಂಡು ಮನೆಯಲ್ಲಿ ಕೂರಬೇಡಿ. ಆನ್‌ಲೈನ್ ಅಂದ್ರೆ ಪಾಠವೇ ಇಂಟರ್ನೆಟ್‌ನಲ್ಲಿ. ಹೈಬ್ರಿಡ್ ಅಂದ್ರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ವೆಬ್-ಎನ್‌ಹ್ಯಾನ್ಸ್‌ಡ್ ಅಂದ್ರೆ ಸಾಮಾನ್ಯವಾಗಿ ತರಗತಿಗೆ ಪೂರ್ತಿ ಹೋಗಬೇಕು, ಅದರ ಜೊತೆಗೆ ಕರಡು ಕಳಿಸೋದು, ಸಹಪಾಠಿಯ ಕರಡಿಗೆ ಅಭಿಪ್ರಾಯ ಬರೆಯೋದು, ಶಿಕ್ಷಕರ ಟಿಪ್ಪಣಿ ಓದೋದು ಎಲ್ಲ ವೆಬ್‌ನಲ್ಲಿ. ಅಂದ್ರೆ ಕೆಲಸ ಕಡಿಮೆಯಾಗಲ್ಲ, ಜಾಸ್ತಿಯಾಗುತ್ತೆ.

ಮೊದಲ ಪ್ರಬಂಧದ ವಿಷಯ ಕ್ಯಾಲಿಫೋರ್ನಿಯಾದ ನೀರಿನ ಬರ. ನಾಲ್ಕು ಲೇಖನ ಓದಿ, ಒಳ್ಳೊಳ್ಳೆ ವಾಕ್ಯ ಆರಿಸಿ, ಅಲ್ಲಲ್ಲಿ ಪದ ಬದಲಾಯಿಸಿ ಚೆಂದವಾಗಿ ಜೋಡಿಸಿದೆ. ಅಪ್‌ಲೋಡ್ ಮಾಡಿದ ಸ್ವಲ್ಪ ಹೊತ್ತಿಗೆ ಹೋಲಿಕೆಯ ವರದಿ ಬಂತು. 41 ಪರ್ಸೆಂಟ್! ಪರದೆ ತುಂಬ ಬಣ್ಣ ಬಣ್ಣದ ಗೆರೆ.

ಇಲ್ಲೊಂದು ವಿಷಯ ತಿಳ್ಕೊಳ್ಳಿ. ಆ ಸಂಖ್ಯೆ ಕಳ್ಳತನದ ಅಳತೆ ಅಲ್ಲ. ನಿಮ್ಮ ಬರಹದ ಎಷ್ಟು ಭಾಗ ಬೇರೆ ಕಡೆಯ ಪಠ್ಯಕ್ಕೆ ಹೊಂದುತ್ತೆ ಅಂತಷ್ಟೇ ಅದು ಹೇಳೋದು. ಉದ್ಧರಣ ಚಿಹ್ನೆಯೊಳಗಿನ ಮಾತು, ಕೊನೆಯ ಆಕರಪಟ್ಟಿ ಕೂಡ ಲೆಕ್ಕಕ್ಕೆ ಬರಬಹುದು. ತೀರ್ಮಾನ ಮಾಡೋದು ಶಿಕ್ಷಕರು. ಆದರೆ ನನ್ನ ಬರಹದಲ್ಲಿ ಉದ್ಧರಣ ಚಿಹ್ನೆಯೂ ಇರಲಿಲ್ಲ, ಆಕರವೂ ಇರಲಿಲ್ಲ.

ಮೇಡಂ ಕರೆಸಿದರು. ಕೈಕಾಲು ತಣ್ಣಗಾಗಿತ್ತು. "ಕದ್ದಿಲ್ಲ ಮೇಡಂ, ನಮ್ಮಲ್ಲಿ ಪುಸ್ತಕದಲ್ಲಿದ್ದ ಹಾಗೇ ಬರೆದರೇ ಪೂರ್ತಿ ಮಾರ್ಕ್ಸು" ಅಂದೆ. ಅವರು ಬೈಯಲಿಲ್ಲ. ಇದು ಕರಡು, ತಿದ್ದೋಕೆ ಅಂತಲೇ ಇರೋದು, ಆದರೆ ಕೊನೆಯ ಪ್ರತಿ ಹೀಗೇ ಬಂದರೆ ಶಿಸ್ತುಕ್ರಮ ಆಗುತ್ತೆ ಅಂದರು. ಆಮೇಲೆ ಒಂದು ದಾರಿ ಹೇಳಿಕೊಟ್ಟರು: ಒಂದು ಪ್ಯಾರಾ ಓದು, ಪುಟ ಮುಚ್ಚು, ಯಾರಿಗಾದರೂ ಬಾಯಲ್ಲಿ ಹೇಳು, ಹೇಳಿದ್ದನ್ನು ಬರಿ, ಆಮೇಲೆ ಮೂಲದ ಜೊತೆ ಹೋಲಿಸು.

ನಾನು ಹೇಳಿದ್ದು ಅಮ್ಮನಿಗೆ, ಫೋನಲ್ಲಿ, ಕನ್ನಡದಲ್ಲಿ. ಬೋರ್‌ವೆಲ್ ಬತ್ತಿದ್ದು ನೋಡಿರೋ ಅಮ್ಮ, "ಅಲ್ಲೂ ಬೋರು ಕೊರೀತಾರೇನೇ? ಎಷ್ಟು ಬೇಕಾದ್ರೂ ಕೊರೀಬಹುದಾ?" ಅಂತ ಕೇಳಿದರು. ಹುಡುಕಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂತರ್ಜಲ ಬಳಕೆಗೆ ರಾಜ್ಯಮಟ್ಟದ ಸಮಗ್ರ ಕಾನೂನು ಬಂದಿದ್ದೇ 2014ರಲ್ಲಿ! ಆ ಪ್ರಶ್ನೆಯೇ ನನ್ನ ಪ್ರಬಂಧದ ಬೆನ್ನೆಲುಬಾಯ್ತು. ಬೇರೆಯವರ ವಾಕ್ಯಗಳನ್ನು ಜೋಡಿಸುವಾಗ ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ, ಅದು ಆಗ ಗೊತ್ತಾಯ್ತು.

ಮೂರು ಸಲ ತಿದ್ದಿ ಬರೆದೆ. ವೆಬ್‌ನಲ್ಲಿ ಮೂರೂ ಕರಡು ಪಕ್ಕಪಕ್ಕ ಇವೆ. ಮೊದಲನೆಯದು ಓದಿದರೆ ಈಗಲೂ ನಾಚಿಕೆಯಾಗುತ್ತೆ. ಬಿ ಗ್ರೇಡ್ ಬಂತು.

ಓದೋಕೆ ಅಂತ ಹೊರಗೆ ಹೊರಟಿರೋರಿಗೆ ಎರಡು ಮಾತು. ಪದ ಬದಲಾಯಿಸಿದರೆ ಬರಹ ನಿಮ್ಮದಾಗಲ್ಲ. ಸ್ವಂತ ಮಾತಲ್ಲಿ ಬರೆದರೂ ವಿಚಾರ ಯಾರದ್ದು ಅಂತ ಹೇಳಲೇಬೇಕು. ಇದು ಗೊತ್ತಿಲ್ಲದೆ ಮಾಡಿದ ತಪ್ಪು ಅಂದ್ರೂ ಎಲ್ಲ ಕಡೆ ಕರಡಿನ ಅವಕಾಶ ಸಿಗುತ್ತೆ ಅಂತೇನಿಲ್ಲ. ಇಲ್ಲಿರುವಾಗಲೇ ಅಭ್ಯಾಸ ಮಾಡ್ಕೊಳ್ಳಿ.