ಹಳೇ ಕೀಬೋರ್ಡ್ ಮಾರಿ ಹೊಸದು ತರಬೇಕಾ? ಸೌಂಡ್ ಲೆಕ್ಕ ಇಲ್ಲಿದೆ

ಕುಪ್ಪೇಲೂರು: ಭಜನಾ ಮಂಡಳಿ ಇರಲಿ, ನಾಟಕ ಸಂಘ ಇರಲಿ, ಆರ್ಕೆಸ್ಟ್ರಾ ಹುಡುಗರಿರಲಿ, ಹಳೇ ಕೀಬೋರ್ಡ್ ಇದ್ದವರದ್ದೆಲ್ಲ ಒಂದೇ ಪ್ರಶ್ನೆ. ಹದಿನೈದು ವರ್ಷದ ಹಳೇ ಪೀಸು ಇನ್ನೂ ನಡೀತದಾ, ಇಲ್ಲಾ ಊರಾಗ ಪಟ್ಟಿ ಎತ್ತಿ ಹೊಸದು ತರಬೇಕಾ?

ಮೊದಲು ಪೇಟಿ ಮಾತು. 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ಹಾರ್ಮೋನಿಯಂ ನಮ್ಮ ಕಡೆ ಕಂಪನಿ ನಾಟಕಕ್ಕೆ ಕಾಲಿನ ಪೇಟಿಯಾಗಿ ಬಂತು. ಒಳಗಿರೋದು ಹಿತ್ತಾಳೆ ರೀಡು, ತಿದಿ ಗಾಳಿ, ಅಷ್ಟೇ. ಸ್ವರ ಜಾರಿಸೋಕೆ ಆಗಲ್ಲ ಅಂತ ಆಕಾಶವಾಣಿ 1940ರಲ್ಲಿ ಇದನ್ನು ನಿಷೇಧಿಸಿತ್ತು. 1971ರಲ್ಲಿ ನಿಷೇಧ ಸಡಿಲಾಯ್ತು. ಕರೆಂಟ್ ಹೋದರೂ ಭಜನೆ ನಿಲ್ಲಲ್ಲ. ಹಾಡೋರ ದನಿಗೆ ತಕ್ಕಂಗ ಗಾಳಿ ಹೆಚ್ಚು ಕಡಿಮೆ ಮಾಡಬಹುದು. ಗುಡಿ ಭಜನೆಗೆ ಪೇಟಿ ಇದ್ದರೆ ಕೀಬೋರ್ಡ್ ಯಾಕ ಬೇಕು ಅಂತ ನನ್ನ ಪ್ರಶ್ನೆ.

ಕೀಬೋರ್ಡ್ ಕಥೆ ಬೇರೆ. 1983ರ ಯಮಹಾ ಡಿಎಕ್ಸ್7 ದನಿಯನ್ನು ಲೆಕ್ಕ ಹಾಕಿ ಹುಟ್ಟಿಸ್ತಿತ್ತು. ಗಂಟೆ, ಎಲೆಕ್ಟ್ರಿಕ್ ಪಿಯಾನೋ ಚಲೋ ಬರ್ತಿತ್ತು, ಕೊಳಲು ಮಾತ್ರ ಕೊಳಲಿನಂಗ ಇರ್ತಿರಲಿಲ್ಲ. ಒಮ್ಮೆಗೆ 16 ಸ್ವರ ಮಾತ್ರ. ಆಮೇಲೆ ನಿಜವಾದ ವಾದ್ಯ ರೆಕಾರ್ಡ್ ಮಾಡಿ ಚಿಪ್‌ನಾಗ ತುಂಬೋ ಪದ್ಧತಿ ಬಂತು. 1988ರ ಕೊರ್ಗ್ ಎಂ1ನಲ್ಲಿ ಎಲ್ಲಾ ವಾದ್ಯ ಸೇರಿ 4 ಎಂಬಿ! ಇವತ್ತಿನ ಮೊಬೈಲ್‌ನ ಒಂದು ಫೋಟೋದಷ್ಟು. ಆದರೂ ಅದರ ಪಿಯಾನೋ ಜಗತ್ತಿನ ಹಾಡುಗಳಲ್ಲೆಲ್ಲ ಕೇಳಿತು.

ಜಾಗ ಸಾಲದ್ದಕ್ಕ ಹಳೇ ಮಾಡೆಲ್‌ಗಳು ದನಿಯ ಸಣ್ಣ ತುಂಡನ್ನೇ ಸುತ್ತಿ ಸುತ್ತಿ ನುಡಿಸ್ತಾವು. ಶಹನಾಯಿ ಕೀ ಹಿಡಿದೇ ಇಟ್ಟರೆ ಆ ಸುತ್ತು ಕಿವಿಗೆ ಗೊತ್ತಾಗ್ತದ. ಹೊಸ ಒಳ್ಳೆ ಮಾಡೆಲ್‌ಗಳಲ್ಲಿ ಮೆಲ್ಲಗೆ ಒತ್ತಿದ್ದಕ್ಕೊಂದು, ಜೋರಾಗಿ ಒತ್ತಿದ್ದಕ್ಕೊಂದು ಬೇರೆ ರೆಕಾರ್ಡಿಂಗ್ ಇರ್ತಾವು. ಸ್ವರಗಳೂ ಒಮ್ಮೆಗೆ 64, 128ರ ತನಕ. ಹೊಸ ಸಿನಿಮಾ ಹಾಡು ನುಡಿಸೋ ಆರ್ಕೆಸ್ಟ್ರಾಕ್ಕೆ ಈ ಫರಕು ದೊಡ್ಡದು.

ನಾಟಕಕ್ಕ ಅಷ್ಟಿಲ್ಲ. ಹಾರ್ನ್ ಮೈಕಿನಾಗ ತಗ್ಗಿನ ದನಿ ಕೇಳೋದೇ ಇಲ್ಲ, ಹಂಗಾಗಿ ಮೂವತ್ತು ಸಾವಿರದ ಸೌಂಡೂ ಹತ್ತು ಸಾವಿರದ ಸೌಂಡೂ ಹಿಂದೆ ಕುಂತವರಿಗೆ ಒಂದೇ. ರಂಗಗೀತೆಗೆ ಹಳೇದು ಸಾಕು. ಉಳಿದ ದುಡ್ಡು ಸ್ಪೀಕರ್‌ಗೆ ಹಾಕಿರಿ.

ಹಳೇ ಕೀಬೋರ್ಡ್ ಕೆಡೋದು ಸೌಂಡಿನಿಂದಲ್ಲ, ಧೂಳಿನಿಂದ. ಪ್ರತಿ ಕೀ ಕೆಳಗೆ ರಬ್ಬರ್ ಪಟ್ಟಿಯಲ್ಲಿ ಎರಡು ಸಂಪರ್ಕ ಇರ್ತಾವು. ಒಂದಾದ ಮೇಲೊಂದು ತಾಗೋ ವೇಗ ನೋಡಿ ದನಿ ಎಷ್ಟು ಜೋರು ಅಂತ ಅದು ತಿಳ್ಕೋತದ. ಹೊಲದ ಧೂಳು, ಹೊಟ್ಟು ಅಲ್ಲಿ ಕುಂತರೆ ಒಂದು ಕೀ ಒಮ್ಮೆಲೇ ಅರಚ್ತದ, ಇನ್ನೊಂದು ಸುಮ್ಮನಿರ್ತದ. ಬಿಚ್ಚಿ ಒರೆಸಿದರೆ ಬಹಳ ಸಲ ಸರಿಯಾಗ್ತದ, ಇಲ್ಲಾಂದ್ರ ಪಟ್ಟಿ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಪ್ರತಿಯೊಂದು ಕೀ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡ್ರಿ. ಹಾಕಿಟ್ಟ ಸೆಟ್ಟಿಂಗ್ ಅಳಿಸಿ ಹೋಗ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿರಬಹುದು. ಅದು ಸಣ್ಣ ಖರ್ಚು.

ಅಡಾಪ್ಟರ್ ಮಾತ್ರ ಹುಷಾರು. ಯಮಹಾದ ಬಹಳ ಮಾಡೆಲ್‌ಗೆ ಪಿನ್ ಒಳಗಡೆ ಪ್ಲಸ್, ಹಳೇ ಕ್ಯಾಸಿಯೋಗಳಿಗೆ ಒಳಗಡೆ ಮೈನಸ್. ಪಿನ್ ಕುಂತಿತು ಅಂತ ಒಂದರದ್ದು ಇನ್ನೊಂದಕ್ಕೆ ಹಾಕಬ್ಯಾಡ್ರಿ. ಕೀಬೋರ್ಡ್ ಹಿಂದೆ ಇರೋ ಚಿತ್ರ, ಅಡಾಪ್ಟರ್ ಮೇಲಿನ ಚಿತ್ರ ಎರಡೂ ತಾಳೆ ನೋಡಿ ಸ್ವಿಚ್ ಹಾಕ್ರಿ.